ಆಗ್ನೆಸ್ಸಳ ಹೊಟ್ಟೆ ಮತ್ತು ನಮ್ಮ ಮನೆಯ ಶ್ರಾವಣ

ಬೆಕ್ಕಿಗೆ ಹೊಟ್ಟೆ ಕೆಟ್ಟರೆ ಅದನ್ನು ಕಾಯಿಲೆ ಎಂದು ಒಪ್ಪಿಕೊಳ್ಳುವವರು ನಮ್ಮ ಮಳವಳ್ಳಿಯಲ್ಲಿ ಹೆಚ್ಚು ಜನ ಇಲ್ಲ. ಹಸುವಿಗೆ ಕೆಟ್ಟರೆ ಕಾಯಿಲೆ, ಕುರಿಗೆ ಕೆಟ್ಟರೆ ನಷ್ಟ, ಬೆಕ್ಕಿಗೆ ಕೆಟ್ಟರೆ ತಮಾಷೆ. ಆ ತಮಾಷೆಯನ್ನು ನಾನು ಸುಮಾರು ಎಂಟು ತಿಂಗಳು ಅನುಭವಿಸಿದ್ದೇನೆ. ಮುದಿ ಬೆಕ್ಕೊಂದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತು, ಪಕ್ಕದವರ ನಗು ಕೇಳಲಾರದೆ ಕಿಟಕಿಯ ಕಡೆ ಮುಖ ತಿರುಗಿಸಿದವರು ಇನ್ನೊಬ್ಬರು ಯಾರಾದರೂ ಇದ್ದರೆ ಇದು ಅವರಿಗೆ. ಉಳಿದವರು ಓದಿ ನಕ್ಕರೆ, ಐ ಡೋಂಟ್ ಕೇರ್.

ನಮ್ಮ ಆಗ್ನೆಸ್ಸಿಗೆ ಹದಿನಾಲ್ಕು ವರ್ಷ. ಮೈಯೆಲ್ಲ ಕಪ್ಪು, ಕತ್ತಿನ ಸುತ್ತ ಮತ್ತು ಎದೆಯ ಮೇಲೆ ಮಾತ್ರ ಬಿಳಿ. ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ನೀಡ್ಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಇದ್ದರು. ನಮ್ಮ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುವರು, ಒಂದು ಮಾತೂ ಆಡದೆ ಪೂರಾ ಬಿಚ್ಚಿ ವಾಪಸ್ ಕೊಡುವರು. ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಸಿಕ್ಕ ಈ ಮರಿ ಮೊದಲ ದಿನವೇ ನನ್ನನ್ನು ಹಾಗೆ ನೋಡಿತು. ಆ ಸಿಸ್ಟರ್ ಹೆಸರನ್ನೇ ಇಟ್ಟೆ. ನನ್ನವರು ಬದುಕಿದ್ದಷ್ಟು ದಿನ 'ಅಗ್ನೇಸಿ' ಎಂದು ಕರೆದರು. ಅವರು ಹೋದ ಮೇಲೆ ನನ್ನ ಜೊತೆ ಇರಲು ದುದ್ದದಿಂದ ಬಂದ ನಾದಿನಿ ಚಿಕ್ಕತಾಯಿ ಅದನ್ನು 'ಅಗ್ಣಮ್ಮ' ಮಾಡಿದಳು. ಬೆಕ್ಕು ಮೂರು ಹೆಸರಿಗೂ ತಿರುಗಿ ನೋಡುವುದಿಲ್ಲ.

ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ಮಾತ್ರ ಕರೆಯದೆಯೇ ಬಂದು ಕುರ್ಚಿಯ ಕಾಲಿನ ಪಕ್ಕ ಕೂರುತ್ತಾಳೆ. ಕಪ್-ಸಾಸರ್ ಇಲ್ಲದೆ ನನಗೆ ಕಾಫಿ ಇಳಿಯುವುದಿಲ್ಲ, ಕಾನ್ವೆಂಟು ಅಂಟಿಸಿದ ಚಟ. ಕಾಫಿಯ ಮೇಲೆ ಕೆನೆ ಕಂಡರೆ ಅಸಹ್ಯ. ಸ್ಪೂನಿನಿಂದ ತೆಗೆದು ಸಾಸರಿಗೆ ಹಾಕಿ, ಪೇಪರ್ ಬಿಡಿಸುತ್ತೇನೆ. ಅವಳು ಅಲ್ಲೇ ಇರುತ್ತಾಳೆ. ಎಷ್ಟೋ ವರ್ಷದಿಂದ ನಮ್ಮಿಬ್ಬರ ಬೆಳಗು ಹೀಗೆಯೇ.

ಸಂಕ್ರಾಂತಿ ಕಳೆದ ಮೇಲೆ ಅವಳು ವಾಂತಿ ಮಾಡತೊಡಗಿದಳು. ಬೆಕ್ಕು ಕೂದಲುಂಡೆ ಕಾರುವುದು ಗೊತ್ತು, ಇದು ಅದಲ್ಲ. ಭೇದಿಯೂ ಜೊತೆಗೆ. ಇಡೀ ಜನ್ಮ ಶುಚಿಯಾಗಿದ್ದವಳು ಮಂಚದ ಕೆಳಗೆ ಹೋಗಿ ಹೊಲಸು ಮಾಡಿಕೊಂಡು, ಅಲ್ಲಿಂದಲೇ ನನ್ನ ಕಡೆ ನೋಡುವಳು. ಆ ನೋಟವನ್ನು ನಾನು ಸಹಿಸಲಾರದೆ ಹೋದೆ. ಮೇ ತಿಂಗಳ ಹೊತ್ತಿಗೆ ಬೆನ್ನಿನ ಮೇಲೆ ಕೈಯಾಡಿಸಿದರೆ ರೋಸರಿ ಮಣಿ ಎಣಿಸಿದ ಹಾಗೆ ಮೂಳೆಗಳು ಒಂದೊಂದಾಗಿ ಸಿಗುತ್ತಿದ್ದವು.

ಮೊದಲು ನಮ್ಮೂರಿನದೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ವೇಟಿಂಗ್ ರೂಮ್ ಎಂದರೆ ಹೊಂಗೆ ಮರ. ಮರದ ಕೆಳಗೆ ಮೂರು ಹಸು, ಕಾಲು ಮುರಿದ ಒಂದು ಮೇಕೆ, ಅವುಗಳ ಯಜಮಾನರು. ನಾನು ಬುಟ್ಟಿಯ ಮೇಲಿನ ಟವೆಲ್ ಸ್ವಲ್ಪ ಸರಿಸಿದೆ. ಮೇಕೆಯವನು ಇಣುಕಿ ನೋಡಿದ.

"ಮೊಲವಾ ಮಿಸ್ಸೂ?" ಎಂದ. ಪಾಠ ಹೇಳಿದವಳೆಂದು ಊರಿನಲ್ಲಿ ನನಗೆ ಆ ಹೆಸರು.

"ಬೆಕ್ಕು."

"ಬೆಕ್ಕಾ!" ಹಸುವಿನ ಕಡೆಯವನಿಗೆ ಕೂಗಿ ಹೇಳಿದ. "ಲೋ, ಬೆಕ್ಕು ಕಣ್ಲಾ! ಬೆಕ್ಕಿಗೂ ಸೂಜಿ ಆಕುಸ್ತಾರಂತೆ!"

"ಆಕುಸ್ಲಿ ಬುಡ್ಲಾ, ನಿನ್ ಮೇಕೆಗೇನ್ ಕಮ್ಮಿ ಆದದು?" ಎಂದ ಅವನು. ಇಡೀ ಬೆಳಗಿನಲ್ಲಿ ಸಿಕ್ಕ ಕರುಣೆ ಅಷ್ಟೇ, ಅದನ್ನು ನಾನಿನ್ನೂ ಮರೆತಿಲ್ಲ. ಒಳಗೆ ಕಾಂಪೌಂಡರ್ ಬುಟ್ಟಿಯನ್ನು ನೋಡಿ, "ಇದುಕ್ಕೆಲ್ಲ ಮದ್ದು ಬರಕಿಲ್ಲ ಮೇಡಂ, ಮಂಡ್ಯಕ್ ಓಗಿ," ಎಂದು ಮುಂದಿನ ಹಸುವನ್ನು ಕರೆದ.

ಆಮೇಲೆ ಸಲಹೆಗಳು. ಕಾಯಿಲೆಗಿಂತ ನನ್ನನ್ನು ಸುಸ್ತು ಮಾಡಿದ್ದು ಅವು. ಎದುರುಮನೆಯ ಲೀಲಾವತಿ ದೃಷ್ಟಿ ತೆಗೆಸಿ ಎಂದಳು. ಕೆರಗೋಡಿನಿಂದ ಬಂದ ನೆಂಟರೊಬ್ಬರು, ಎರಡು ಎಕರೆ ಕಬ್ಬು ಬೆಳೆದ ಧೈರ್ಯದಿಂದ ಎಲ್ಲ ವಿಷಯಕ್ಕೂ ಮಾತನಾಡುವವರು, ಇಂಗು ಕಲಸಿ ಕುಡಿಸಿ ಎಂದರು. ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ಫೋನಿನಲ್ಲಿ ಬೆಕ್ಕು ಸಾಕುವವರ ಗ್ರೂಪಿಗೆ ಸೇರಿಸಿದಳು. ಅಲ್ಲಿ ಎಲ್ಲರೂ ತಮ್ಮನ್ನು 'ಮಮ್ಮಿ' ಎಂದು ಕರೆದುಕೊಳ್ಳುತ್ತಾರೆ, ಬೆಕ್ಕಿಗೆ ಟೋಪಿ ಹಾಕಿ ಫೋಟೊ ತೆಗೆಯುತ್ತಾರೆ. ಭೇದಿಯ ಬಗ್ಗೆ ಕೇಳಿದರೆ ಅಳುವ ಗೊಂಬೆ ಕಳಿಸುತ್ತಾರೆ. ಎರಡು ದಿನ ಇದ್ದು ಹೊರಬಂದೆ. ಸಿಲ್ಲಿ ಪೀಪಲ್.

ಚಿಕ್ಕತಾಯಿಯ ಸಲಹೆ ಒಂದೇ. "ಒಟ್ಟೆ ತಣ್ಣಗಾಗ್ಬೇಕು ಕಣತ್ಗೆ. ಒಂದೀಟು ಆಲು ಕುಡ್ಸಿ." ಪಕ್ಕದ ಮನೆಯ ಹಸು ಕರು ಹಾಕಿದಾಗ ಎಲ್ಲರ ಮನೆಗೂ ಗಿಣ್ಣು ಬಂತು. ನಮ್ಮ ಪಾಲಿನಲ್ಲಿ ಅರ್ಧ ಅಗ್ಣಮ್ಮನಿಗೆ ಹೋಯಿತು.

ಮದ್ದೂರಿನಲ್ಲಿ ಒಬ್ಬ ಡಾಕ್ಟರ್ ಇದ್ದಾರೆ, ನಾಯಿ ಬೆಕ್ಕು ನೋಡುತ್ತಾರೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ ಹೋದೆವು, ನಾನು, ಚಿಕ್ಕತಾಯಿ, ಬುಟ್ಟಿ. ದಾರಿಯುದ್ದಕ್ಕೂ ಆಗ್ನೆಸ್ ಒಂದೇ ಸ್ವರದಲ್ಲಿ ಅತ್ತಳು. ಕಂಡಕ್ಟರ್, "ಅಜ್ಜೀ, ಮಗೀಗೆ ಆಲು ಕೊಡ್ರಮ್ಮೋ," ಎಂದು ಇಡೀ ಬಸ್ಸನ್ನು ನಗಿಸಿದ.

ಈ ಡಾಕ್ಟರ್ ಗೋಡೆಯ ಮೇಲೆ ದೊಡ್ಡ ದೊಡ್ಡ ವಿಲಾಯತಿ ನಾಯಿಗಳ ಚಿತ್ರ ಹಾಕಿಕೊಂಡಿದ್ದರು. ಆಗ್ನೆಸ್ಸಳನ್ನು ಬುಟ್ಟಿಯಿಂದ ಹೊರಗೂ ತೆಗೆಯಲಿಲ್ಲ.

"ವಯಸ್ಸೆಷ್ಟು?"

"ಫೋರ್ಟೀನ್."

"ಹದಿನಾಲ್ಕಾ? ಬೋನಸ್ಸಲ್ಲಿ ನಡೀತಿದೆ ಮೇಡಂ." ಫೋನ್ ನೋಡುತ್ತಲೇ ನಕ್ಕರು. "ಒಂದು ಪ್ಯಾಕೆಟ್ ಬರೆದುಕೊಡ್ತೀನಿ, ತಿನ್ನಿಸಿ ನೋಡಿ. ಆಗಲಿಲ್ಲ ಅಂದ್ರೆ ಒಂದು ಇಂಜೆಕ್ಷನ್. ಮಲಗಿದ ಹಾಗೇ ಹೋಗಿಬಿಡುತ್ತೆ. ಯಾಕೆ ಸುಮ್ನೆ ಒದ್ದಾಡಿಸ್ತೀರಾ."

ಆ ಕೊನೆಯ ವಾಕ್ಯಕ್ಕೇ ಅವರ ಮೇಲೆ ಅಷ್ಟು ಸಿಟ್ಟು ಬಂತು. ಒದ್ದಾಡಿಸುತ್ತಿರುವುದು ನಾನೇ ಇರಬಹುದು ಎಂದು ನನಗೂ ಅನಿಸಿತ್ತು. ಮನೆಗೆ ಬಂದು ಪ್ಯಾಕೆಟ್ ಬಿಚ್ಚಿ ಬಟ್ಟಲಿಗೆ ಸುರಿದೆ. ಆಗ್ನೆಸ್ ಮೂಸಿದಳು. ನಂತರ ತನ್ನ ಹೊಲಸನ್ನು ಮಣ್ಣಿನಲ್ಲಿ ಮುಚ್ಚುವ ಹಾಗೆ, ಬಟ್ಟಲಿನ ಸುತ್ತ ನೆಲವನ್ನು ಪರಪರ ಕೆರೆದು ಹೊರಟುಹೋದಳು. ಅಂದು ಮನೆಯಲ್ಲಿ ಸರಿಯಾದ ಅಭಿಪ್ರಾಯ ಕೊಟ್ಟವಳು ಅವಳೊಬ್ಬಳೇ.

ಕೊನೆಗೆ ಮಂಡ್ಯ. ಅಲ್ಲಿಯ ಡಾಕ್ಟರ್ ಹೆಣ್ಣುಮಗಳು, ನನ್ನ ಸ್ಟೂಡೆಂಟುಗಳ ವಯಸ್ಸು. ಮೇಜಿನ ಮೇಲೆ ಒಂದು ಟವೆಲ್ ಹಾಸಿ, ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಆಗ್ನೆಸ್ಸಳನ್ನು ಮುಟ್ಟಿದಳು. ಕೈ ಬೆಚ್ಚಗೆ ಮಾಡಿಕೊಂಡಳಲ್ಲ, ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ರಕ್ತ ತೆಗೆದಳು, ಹೊಟ್ಟೆಯ ಸ್ಕ್ಯಾನ್ ಮಾಡಿದಳು. ಗಡ್ಡೆ ಇಲ್ಲ. ಕಿಡ್ನಿ ವಯಸ್ಸಿಗೆ ತಕ್ಕ ಹಾಗಿದೆ. ಕರುಳು ಮಾತ್ರ ಏನನ್ನೋ ತಡೆದುಕೊಳ್ಳುತ್ತಿಲ್ಲ. ತೂಕ ಎರಡು ಕೆಜಿ ಆರುನೂರು.

"ಏನು ಊಟ ಕೊಡ್ತೀರಿ?"

"ಓನ್ಲಿ ಬಾಯ್ಲ್ಡ್ ಚಿಕನ್ ಅಂಡ್ ರೈಸ್," ಎಂದೆ ಜಂಬದಿಂದ.

"ಎರಡು ವಾರ ಬರೆದಿಡಿ ಆಂಟಿ. ಒಂದು ಕಡೆ ತಿಂದದ್ದು, ಇನ್ನೊಂದು ಕಡೆ ಹೊಟ್ಟೆ ಹೇಗಿತ್ತು ಅನ್ನೋದು." ಆಗ್ನೆಸ್ಸಳನ್ನು ಬುಟ್ಟಿಗೆ ಇಳಿಸುತ್ತ ಹೇಳಿದಳು. "ಎರಡೂವರೆಗಿಂತ ಕೆಳಗೆ ಇಳಿದರೆ, ನಾವು ಬೇರೆ ಮಾತು ಆಡಬೇಕಾಗುತ್ತೆ."

ಬೇರೆ ಮಾತು ಯಾವುದೆಂದು ಮದ್ದೂರಿನಲ್ಲಿ ಕೇಳಿಸಿಕೊಂಡು ಬಂದಿದ್ದೆ.

ಡೈರಿಯನ್ನು ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ, ಗೆರೆ ಎಳೆದು ಬರೆದೆ. ಎರಡು ವಾರದ ಮೇಲೆ ಹೆಮ್ಮೆಯಿಂದಲೇ ಕೊಟ್ಟೆ. ಡಾಕ್ಟರ್ ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು.

"ಸೋಮವಾರ, ಶನಿವಾರ ಊಟದ ಜಾಗದಲ್ಲಿ 'ನಿಲ್' ಅಂತ ಇದೆ. ವಾರಕ್ಕೆ ಎರಡು ದಿನ ಉಪವಾಸ ಹಾಕ್ತೀರಾ ಈ ಬೆಕ್ಕನ್ನ?"

"ಛೆ ಛೆ, ಉಪವಾಸ ಯಾಕೆ? ಸೋಮವಾರ ಮಾದಪ್ಪನ ದಿನ, ಶನಿವಾರ ತಿಮ್ಮಪ್ಪನದು. ಮನೆಯಲ್ಲಿ ಮಾಂಸ ಮಾಡುವುದಿಲ್ಲ."

"ಮತ್ತೆ ಅವತ್ತು ಏನು ಕೊಡ್ತೀರಿ?"

"ಹಾಲು."

"ಅದನ್ನು ಬರೆದೇ ಇಲ್ಲವಲ್ಲ ಆಂಟಿ."

"ನೀವು ಊಟ ಬರೆಯಿರಿ ಅಂದಿರಿ," ಎಂದೆ. "ಹಾಲು ಊಟ ಅಲ್ಲವಲ್ಲ."

ಹೇಳುವಾಗಲೇ ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು. ನಮ್ಮ ಕಡೆ ಹಾಲನ್ನು ಯಾರೂ ತಿನ್ನುವ ಪದಾರ್ಥದ ಲೆಕ್ಕಕ್ಕೆ ಸೇರಿಸುವುದಿಲ್ಲ. ಉಪವಾಸದ ದಿನವೂ ಹಾಲು ಕುಡಿಯುತ್ತೇವೆ, ಕುಡಿದ ಮೇಲೂ ಉಪವಾಸವೇ. ಡಾಕ್ಟರ್ ಪೆನ್ನು ತೆಗೆದುಕೊಂಡು ಇನ್ನೊಂದು ಕಾಲಮಿನಲ್ಲಿ ಸುಮ್ಮನೆ ಸೊನ್ನೆ ಸುತ್ತಿದಳು. ಭಾನುವಾರ, ಮಂಗಳವಾರ. ಮತ್ತೆ ಭಾನುವಾರ, ಮಂಗಳವಾರ. ವಾಂತಿ ಹೆಚ್ಚಾದ ದಿನಗಳೆಲ್ಲ ಅವೇ. ಉಳಿದ ದಿನ ಕಡಿಮೆ, ಆದರೆ ಪೂರ್ತಿ ಇಲ್ಲ ಎಂದಲ್ಲ. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಹಾಲು ಅರಗಿಸುವ ಶಕ್ತಿ ದೊಡ್ಡ ಬೆಕ್ಕುಗಳಿಗೆ ಅಷ್ಟಾಗಿ ಇರುವುದಿಲ್ಲವಂತೆ, ಮುದಿಯಾದ ಮೇಲೆ ಕೇಳುವುದೇ ಬೇಡ. ಹಾಲು ಪೂರಾ ಬಂದ್. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಅದರ ಮೇಲೆ ಉದುರಿಸಲು ಒಂದು ಪುಡಿ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ, ಉಗುರುಬೆಚ್ಚಗೆ. ಒಂದು ದಿನವೂ ತಪ್ಪಬಾರದು. ತೂಕ ಅಂದು ಸರಿಯಾಗಿ ಎರಡೂವರೆ.

ಅಮಾವಾಸ್ಯೆಗೆ ಎರಡು ದಿನ ಇತ್ತು. ಅದು ಕಳೆದರೆ ಶ್ರಾವಣ.

ಶ್ರಾವಣ ಪೂರ್ತಿ ನಮ್ಮ ಮನೆಯೊಳಗೆ ಮಾಂಸ ಬರುವುದಿಲ್ಲ. ನನ್ನ ನಿಯಮವಲ್ಲ, ಚಿಕ್ಕತಾಯಿಯ ಹರಕೆ. ತನ್ನ ಗಂಡ ತೀರಿಕೊಂಡ ವರ್ಷದಿಂದ ನಡೆಸಿಕೊಂಡು ಬಂದಿದ್ದಾಳೆ. ಹಿಂದಿನ ಶ್ರಾವಣಗಳಲ್ಲಿ ಆಗ್ನೆಸ್ ಇಡೀ ತಿಂಗಳು ಹಾಲು ಅನ್ನದ ಮೇಲೆ ಬದುಕಿದ್ದಳು, ಕಳೆದ ವರ್ಷ ಬಡಕಲಾಗಿದ್ದಳು ಕೂಡ. ದಸರೆಯ ಹೊತ್ತಿಗೆ ಸರಿಹೋದಾಗ ಲೀಲಾವತಿ ಅದನ್ನು ತಾನು ತಂದು ಕಟ್ಟಿದ್ದ ತಾಯತದ ಪವಾಡ ಎಂದಳು. ಮನೆಯ ಕೋಳಿ ಸಾರಿನ ಪವಾಡ ಯಾರಿಗೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಚಿಕ್ಕತಾಯಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಚೂಪು ಮಾಡಿಕೊಂಡೆ. ಮೂಢನಂಬಿಕೆ, ಅಜ್ಞಾನ, ಡಾರ್ಕ್ ಏಜಸ್. ಅವಳು ಬೇಡ ಎನ್ನಲಿ, ಎಲ್ಲ ಆಡಿಬಿಡುತ್ತೇನೆ ಎಂದುಕೊಂಡಿದ್ದೆ. ಮನೆ ತಲುಪಿ ವಿಷಯ ಹೇಳಿದೆ.

"ಸ್ರಾವಣದಾಗೆ ಕ್ವಾಳಿಯಾ ಅತ್ಗೆ?" ಎಂದಳು. ಅಷ್ಟೇ. ಎದ್ದು ಹೋದಳು.

ಶ್ರಾವಣದ ಮೊದಲ ಬೆಳಿಗ್ಗೆ ಹಿತ್ತಲಲ್ಲಿ ಹೊಗೆ ಕಾಣಿಸಿತು. ಕರಿಬೇವಿನ ಗಿಡದ ಪಕ್ಕ ಮೂರು ಕಲ್ಲು ಹೂಡಿ, ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೋಳಿ ಬೇಯಿಸುತ್ತಿದ್ದಳು, ಎಪ್ಪತ್ತೊಂದು ವರ್ಷದ ಹೆಂಗಸು. ನಾನು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಅಂದಳು:

"ಅರಕೆ ಕಟ್ಕಂಡಿರೋಳು ನಾನು. ಅಗ್ಣಮ್ಮನ ಕೈಲಿ ಮಾದಪ್ಪ ಏನೂ ಯೋಳ್ಸ್ಕಂಡಿಲ್ಲ. ಅವ್ಳ ಬಾಯಿ ಅವ್ಳು ನೋಡ್ಕತಾಳೆ, ನನ್ ಬಾಯಿ ನಾನ್ ಕಟ್ಕತೀನಿ."

ಬೇಯಿಸಿದ್ದನ್ನು ನನ್ನ ಕೈಗೆ ಕೊಟ್ಟು, ಹಿತ್ತಲಲ್ಲೇ ತಣ್ಣೀರು ಸುರಿದುಕೊಂಡು, ಆಮೇಲೆ ಒಳಗೆ ಬಂದು ದೀಪ ಹಚ್ಚಿದಳು. ದಿನವೂ ಹಾಗೆಯೇ. ನಾನು ಚೂಪು ಮಾಡಿಟ್ಟುಕೊಂಡ ಮಾತುಗಳು ಬಳಕೆಗೆ ಬಾರದೆ ನನ್ನಲ್ಲೇ ಉಳಿದವು. ಕೋಳಿ ಅಂಗಡಿಯವನು ಅವಳನ್ನು ಕೆಣಕಿದನಂತೆ. "ಏನ್ ಚಿಕ್ತಾಯಕ್ಕ, ಸ್ರಾವಣದಾಗ್ ಸುರು ಅಚ್ಕಂಡ್ಯಾ?"

"ಅಗ್ಣಮ್ಮಂಗೆ ಕಣ್ಲಾ. ನಿಂಗೂ ಬೇಕಾದ್ರೆ ಬೆಕ್ಕಾಗಿ ಉಟ್ಟಿ ಬಾ, ಬೇಯ್ಸಿ ಆಕ್ತೀನಿ."

ತೂಕ ನೋಡಲು ವಾರಕ್ಕೊಮ್ಮೆ ದಿನಸಿ ಅಂಗಡಿಯ ತಕ್ಕಡಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಆಗ್ನೆಸ್ ಮಹಾರಾಣಿಯ ಹಾಗೆ ಕೂರುತ್ತಿದ್ದಳು. "ಕೆಜಿ ಎಂಗೆ ಮಿಸ್ಸೂ?" ಎಂದು ಅಂಗಡಿಯವನು ಪ್ರತಿ ಸಲವೂ ಕೇಳುತ್ತಿದ್ದ, ಪ್ರತಿ ಸಲವೂ ತಾನೇ ನಗುತ್ತಿದ್ದ. ಮೊದಲ ವಾರ ಎರಡು ಆರುನೂರು. ನಾನು ಅಲ್ಲೇ ನಿಂತು 'ಥ್ಯಾಂಕ್ ಗಾಡ್' ಎಂದೆ. ಎರಡನೇ ವಾರವೂ ಅಷ್ಟೇ. ಮೂರನೇ ವಾರ ಮತ್ತೆ ಎರಡೂವರೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ವಾಂತಿ. ಬಗ್ಗಿ ನೋಡಿದೆ. ಬೆಳ್ಳಗೆ, ಮೊಸರಿನಂತೆ ಒಡೆದ ಗಡ್ಡೆ ಗಡ್ಡೆ. ಹಾಲು.

ಲೀಲಾವತಿ ಕರಿಬೇವು ಕೀಳಲು ಬಂದು ಅಲ್ಲೇ ನಿಂತಿದ್ದಳು. ನನಗೆ ಅದು ಕಾಣಲಿಲ್ಲ ಎಂದು ಹೇಳಲಾರೆ, ಕಂಡಿತ್ತು.

"ಹಾಲು ಹಾಕಿದ್ದೀಯ," ಎಂದೆ ಚಿಕ್ಕತಾಯಿಗೆ. "ಡೋಂಟ್ ಲೈ ಟು ಮಿ. ಕದ್ದು ಹಾಲು ಹಾಕಿದ್ದೀಯ. ಎಷ್ಟು ಹೇಳಿದರೂ ಅಷ್ಟೇ, ನಿಮ್ಮಂಥ ಜನಕ್ಕೆ ಬುದ್ಧಿ ಬರುವುದಿಲ್ಲ. ಈ ಬೆಕ್ಕು ಸತ್ತರೆ ನಿನ್ನ ಕೈಯಿಂದಲೇ ಸತ್ತದ್ದು."

ಚಿಕ್ಕತಾಯಿ ನನ್ನ ಮುಖ ನೋಡಿದಳು, ಲೀಲಾವತಿಯ ಮುಖ ನೋಡಿದಳು. ಬಟ್ಟೆ ತಂದು, ಕೂತು, ನೆಲ ಒರೆಸಿದಳು.

ಮರುದಿನ ಎಂದಿನಂತೆ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಳು. ನಾನು ಅವಳ ಕಡೆ ನೋಡಲಿಲ್ಲ. ಸ್ಪೂನಿನಿಂದ ಕೆನೆ ತೆಗೆದೆ, ಸಾಸರಿಗೆ ಹಾಕಿದೆ, ಸಾಸರನ್ನು ಕೆಳಗಿಟ್ಟೆ, ಪೇಪರ್ ಬಿಡಿಸಿದೆ. ಪೇಪರಿನ ಹಿಂದಿನಿಂದ ಸಣ್ಣ ಸದ್ದು. ಲೊಚ ಲೊಚ ಲೊಚ. ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದ ಸದ್ದು, ಗಡಿಯಾರದ ಸದ್ದಿನ ಹಾಗೆ ಕೇಳಿಸದೇ ಹೋಗಿದ್ದ ಸದ್ದು. ಪೇಪರ್ ಇಳಿಸಿದೆ.

ಆಗ್ನೆಸ್ ಸಾಸರನ್ನು ಕನ್ನಡಿಯಂತೆ ನೆಕ್ಕಿ ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿದ್ದಳು.

"ದಿನಾ ಕೊಡ್ತೀನಾ ಇದನ್ನ?" ಎಂದೆ.

"ದಿನಾ ಮಡಗ್ತೀರಲ್ಲ ಅತ್ಗೆ."

"ನೀನು ನೋಡುತ್ತಿದ್ದೆ. ಯಾಕೆ ಹೇಳಲಿಲ್ಲ?"

"ನೀವು ಓದ್ದೋರು. ಡೈರಿ ಬರ್ಕತಿದ್ರಿ. ಕೆನೇನೂ ಬರ್ದಿರ್ತೀರಿ, ಆ ಡಾಕುಟ್ರಮ್ಮ ಅಟು ಕೊಡ್ಬೋದು ಅಂದವ್ರೆ ಅನ್ಕಂಡೆ."

"ನಿನ್ನೆ? ನಿನ್ನೆ ನಾನು ಅಷ್ಟೆಲ್ಲ ಅಂದಾಗಲಾದರೂ ಹೇಳಬಹುದಿತ್ತಲ್ಲ!"

ಚಿಕ್ಕತಾಯಿ ಬಗ್ಗಿ ಸಾಸರ್ ಎತ್ತಿಕೊಂಡಳು. "ನೆನ್ನೆ ಲೀಲಾವತಿ ನಿಂತಿದ್ಲಲ್ಲ," ಎಂದಳು. "ಅವ್ಳ ಮುಂದೆ ನಿಮ್ಮ ಮಾನ ಕಳೀಲಾ?"

ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ನಮ್ಮಿಂದ 'ಸಾರಿ ಸಿಸ್ಟರ್' ಹೇಳಿಸುತ್ತಿದ್ದರು. ಅಷ್ಟು ಸುಲಭವಾಗಿ ಬಾಯಿಗೆ ಬರುತ್ತಿದ್ದ ಆ ಪದ ಅಂದು ಚಿಕ್ಕತಾಯಿಯ ಎದುರು ಬರಲಿಲ್ಲ. ಬಂದಿದ್ದರೂ ಸಾಲುತ್ತಿರಲಿಲ್ಲ. ಸ್ನಾನ ಮಾಡಿ, ಒಂದು ಹಿಡಿ ಕರಿಬೇವು ಕಿತ್ತುಕೊಂಡು, ಎದುರುಮನೆಗೆ ಹೋದೆ. "ಲೀಲಾವತಿ, ಹಾಲು ಹಾಕುತ್ತಿದ್ದವಳು ನಾನು. ಚಿಕ್ಕತಾಯಿಯಲ್ಲ," ಎಂದೆ. ಅವಳಿಗೆ ಇದು ಸಂಜೆಯೊಳಗೆ ಇಡೀ ಬೀದಿಗೆ ಹಂಚುವ ಸುದ್ದಿ ಎಂದು ನನಗೆ ಗೊತ್ತಿತ್ತು. ಹಂಚಲಿ ಎಂದೇ ಅವಳನ್ನು ಆರಿಸಿಕೊಂಡಿದ್ದೆ. ಹಂಚಿದಳು. ಮಿಸ್ಸು ತಾವೇ ಬೆಕ್ಕಿಗೆ ವಿಷ ಹಾಕುತ್ತಿದ್ದರಂತೆ ಎಂಬವರೆಗೂ ಅದು ಬೆಳೆಯಿತು.

ಮಂಡ್ಯದ ಡಾಕ್ಟರಿಗೂ ಹೇಳಿದೆ. ಡೈರಿಯ ಮೊದಲ ಪುಟಕ್ಕೆ ಹೋಗಿ, ಪ್ರತಿ ದಿನದ ಊಟದ ಸಾಲಿಗೂ 'ಕ್ರೀಮ್, ಒನ್ ಸ್ಪೂನ್' ಎಂದು ಸೇರಿಸಿ ಅವಳ ಮುಂದಿಟ್ಟೆ. ಅವಳು ನಗಲಿಲ್ಲ. "ಎಲ್ಲರ ಮನೆಯಲ್ಲೂ ಒಂದು ಸ್ಪೂನ್ ಇರುತ್ತೆ ಆಂಟಿ," ಎಂದಳು. ಅವಳು ಹೇಳಿದ್ದು ನಿಜ ಇರಬಹುದು. ನಿಮ್ಮ ಮನೆಯಲ್ಲೂ ನೋಡಿಕೊಳ್ಳಿ. ಕದ್ದು ತಿನ್ನಿಸುವವರನ್ನು ಹುಡುಕುವ ಮೊದಲು ನಿಮ್ಮ ಕೈ ಏನು ಮಾಡುತ್ತಿದೆ ಎಂದು ಒಂದು ದಿನ ಕೂತು ನೋಡಿ.

ಶ್ರಾವಣದ ಕೊನೆಯ ದಿನ ಆಗ್ನೆಸ್ ಎರಡು ಕೆಜಿ ಏಳುನೂರು ತೂಗಿದಳು. ದಸರೆಯ ಹೊತ್ತಿಗೆ ಮೂರು. ವಾಸಿಯಾಗಿದೆ ಎಂದು ನಾನು ಹೇಳುವುದಿಲ್ಲ. ತಿಂಗಳಿಗೆ ಒಂದೆರಡು ಸಲ ಇನ್ನೂ ಕಾರುತ್ತಾಳೆ, ನಾಲ್ಕು ಹೊತ್ತಿನ ಊಟದಲ್ಲಿ ಒಂದು ಹೊತ್ತು ತಡವಾದರೂ ಮುನಿಯುತ್ತಾಳೆ. ಮದ್ದೂರಿನವರು ಹೇಳಿದ ಬೋನಸ್ಸಿನಲ್ಲೇ ಇದ್ದೇವೆ, ನಾವು ಮೂವರೂ. ಸೋಮವಾರ, ಶನಿವಾರ ಈಗಲೂ ಮೂರು ಕಲ್ಲಿನ ಒಲೆ ಹೊತ್ತುತ್ತದೆ. ಸೆರಗು ಮೂಗಿಗೆ ಕಟ್ಟಿಕೊಂಡು ಬೇಯಿಸುವವಳು ನಾನು. ನನಗೆ ಹರಕೆ ಏನೂ ಇಲ್ಲ. ಚಿಕ್ಕತಾಯಿ ಎರಡೆರಡು ಸಲ ತಣ್ಣೀರು ಸುರಿದುಕೊಳ್ಳುವುದು ತಪ್ಪಲಿ ಎಂದು ಅಷ್ಟೇ.

ಕಾಫಿ ಈಗ ಲೋಟದಲ್ಲಿ ಕುಡಿಯುತ್ತೇನೆ. ಕೆನೆಯನ್ನು ಚಿಕ್ಕತಾಯಿ ತನ್ನ ಲೋಟಕ್ಕೆ ಹಾಕಿಕೊಳ್ಳುತ್ತಾಳೆ. ಆಗ್ನೆಸ್ ಬೆಳಿಗ್ಗೆ ತಪ್ಪದೆ ಬಂದು ಕುರ್ಚಿಯ ಕಾಲಿನ ಪಕ್ಕ, ಸಾಸರ್ ಇರುತ್ತಿದ್ದ ಜಾಗದ ಎದುರಿಗೆ ಕೂರುತ್ತಾಳೆ. ಬರಿಯ ನೆಲವನ್ನು ಒಮ್ಮೆ ಮೂಸುತ್ತಾಳೆ. ಆಮೇಲೆ ತಲೆಯೆತ್ತಿ, ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದ ಸಿಸ್ಟರ್ ಹಾಗೆ, ನನ್ನನ್ನು ನೋಡುತ್ತಾಳೆ. ನಾನು ಪೇಪರ್ ಮಡಿಸಿ ಬದಿಗಿಟ್ಟು, ಅವಳು ನೋಡಿ ಮುಗಿಸುವವರೆಗೂ ಸುಮ್ಮನೆ ಕೂತಿರುತ್ತೇನೆ.